ಸರಪಣಿ ಹಾಕಿದವರು ಹೆಸರು ಕೇಳಲಿಲ್ಲ

ಯುವಜನರ ಕೂಟ, ಹುಮನಾಬಾದ್
ವಾಕ್ಯಭಾಗ: ಮಾರ್ಕ 5:1–20

  ಹುಮನಾಬಾದ್‌ನವರು ಮುಂದೆ ಕೂತೀರಿ, ಬಸವಕಲ್ಯಾಣದವರು ಹಿಂದೆ, ಬಾಗಿಲ ಹತ್ತಿರ. ರಾಜೇಶ್ವರದಾಗ ಚಹಾಕ್ಕೆ ನಿಂತಿದ್ರಿ ಅಂತ ಮುಖ ನೋಡಿದ್ರೇ ಗೊತ್ತಾಗುತ್ತದೆ. ಇರಲಿ, ಬಂದಿದ್ದಕ್ಕೆ ಸ್ತೋತ್ರ. ಬೆಂಗಳೂರು, ಪುಣೆ, ಹೈದರಾಬಾದ್‌ನಿಂದ ರಜೆಗೆ ಬಂದವರು ಕೈ ಎತ್ತಿ. ಅರ್ಧಕ್ಕಿಂತ ಹೆಚ್ಚು ಜನ ಇದ್ದೀರಿ. ಇವತ್ತಿನ ಮಾತು ಮುಖ್ಯವಾಗಿ ನಿಮಗೇ. ಯಾಕೆ ಅಂತ ಹೇಳ್ತೀನಿ.

ನಿಮ್ಮಲ್ಲಿ ಕೆಲವರಿಗೆ ಊರಿಂದ ಒಂದು ಫೋನ್ ಬಂದಿದೆ. ಇನ್ನು ಕೆಲವರಿಗೆ ಮುಂದೆ ಬರುತ್ತದೆ. ಅಪ್ಪ ಮಾಡ್ತಾರೆ, ರಾತ್ರಿ ಊಟ ಆದಮೇಲೆ. ಮೊದಲು ಮಳೆ ಬಗ್ಗೆ, ತೊಗರಿ ಬಗ್ಗೆ ಮಾತಾಡ್ತಾರೆ. ಆಮೇಲೆ ದನಿ ಸಣ್ಣದು ಮಾಡಿ, "ನಿನ್ನ ತಮ್ಮ ಕೈ ಮೀರ್ಯಾನ. ನೀನು ಕಂಪ್ಯೂಟರ್‌ನಾಗ ನೋಡು, ಎಲ್ಲ್ಯರ ಒಂದು ಒಳ್ಳೆ ಸೆಂಟರ್ ಇದ್ರ ಹೇಳು. ಹಾಕಿಬಿಡೋಣು" ಅಂತಾರೆ. ನೀವು ಓದಿದವರು, ಸಿಟಿಯಲ್ಲಿ ಇರೋರು. ಮೊಬೈಲ್ ತೆಗೆದು ಹುಡುಕ್ತೀರಿ. ಎರಡು ನಿಮಿಷದಲ್ಲಿ ಹತ್ತು ಫೋಟೋ ಬರುತ್ತದೆ: ಹಸಿರು ಹುಲ್ಲು, ಸಾಲಾಗಿ ನಿಂತ ಹುಡುಗರು, ಮೇಲೆ ಒಂದು ವಾಕ್ಯ. ಆ ಎರಡು ನಿಮಿಷದ ಬಗ್ಗೆ ನಾನು ಇವತ್ತು ಮಾತಾಡಬೇಕು.

ಮಾರ್ಕನ ಸುವಾರ್ತೆ 5ನೇ ಅಧ್ಯಾಯ ತೆಗೀರಿ. ಗೆರಸೇನರ ಸೀಮೆ. ಈ ಭಾಗದ ಮೇಲೆ ನೀವು ನೂರು ಪ್ರಸಂಗ ಕೇಳಿದ್ದೀರಿ, ನಾನೇ ಹತ್ತು ಮಾಡಿದ್ದೀನಿ. ಎಲ್ಲದರಲ್ಲೂ ದುರಾತ್ಮಗಳ ಬಗ್ಗೆ, ಹಂದಿಗಳ ಬಗ್ಗೆ. ಇವತ್ತು 3, 4, 5ನೇ ವಚನದ ಮೇಲೆ ಬೆರಳಿಟ್ಟು ನೋಡಿ. ಅವನು ಇದ್ದದ್ದು ಸಮಾಧಿಗಳ ನಡುವೆ. ಅವನನ್ನು ಬಹಳ ಸಾರಿ ಬೇಡಿಗಳಿಂದಲೂ ಸರಪಣಿಗಳಿಂದಲೂ ಕಟ್ಟಿದ್ದರು. ಯಾರು ಕಟ್ಟಿದ್ದು? ದುರಾತ್ಮ ಅಲ್ಲ. ಊರಿನವರು. ಸರಪಣಿ ಪುಕ್ಕಟೆ ಸಿಗಲ್ಲ ಪ್ರಿಯರೇ, ಕಮ್ಮಾರನ ಹತ್ತಿರ ಮಾಡಿಸಬೇಕು. ಯಾರೋ ದುಡ್ಡು ಕೂಡಿಸಿದ್ದಾರೆ. ಯಾರೋ ಅವನ ಕಾಲು ಹಿಡಿದಿದ್ದಾರೆ. ಅವನು ಹರಿದುಕೊಂಡ, ಅವರು ಮತ್ತೆ ಮಾಡಿಸಿದರು. ಬಹಳ ಸಾರಿ. ಮತ್ತೆ 5ನೇ ವಚನ: ಹಗಲು ರಾತ್ರಿ ಕೂಗ್ತಿದ್ದ, ಕಲ್ಲಿನಿಂದ ತನ್ನ ಮೈ ತಾನೇ ಕೊಯ್ದುಕೊಳ್ಳುತ್ತಿದ್ದ. ಫುಲ್ ಸ್ಲೀವ್ ಹಾಕಿಕೊಂಡು ಇಲ್ಲಿ ಕೂತಿರೋ ಯಾರಿಗಾದ್ರೂ ಈ ವಚನ ಹೊಸದಲ್ಲ. ನಾನು ನಿಮ್ಮ ಕಡೆ ನೋಡಲ್ಲ, ಹೆದರಬೇಡಿ. ಬೈಬಲ್ಲಿನಲ್ಲಿ ನಿಮ್ಮ ವಿಷಯ ಇದೆ ಅಂತ ಮಾತ್ರ ಹೇಳಿದೆ.

ಈಗ ನನ್ನ ಸಾಕ್ಷಿ. ಇದು ಚಪ್ಪಾಳೆ ತಟ್ಟೋ ಸಾಕ್ಷಿ ಅಲ್ಲ.

ಕೆಲವು ವರ್ಷದ ಹಿಂದೆ ನಮ್ಮ ಸಭೆಯ ಒಂದು ಕುಟುಂಬ. ತಂದೆ ಹೈವೇ ಪಕ್ಕದ ಗ್ಯಾರೇಜಿನಲ್ಲಿ ಲಾರಿ ಬಾಡಿಗೆ ವೆಲ್ಡಿಂಗ್ ಮಾಡೋರು. ಹುಡುಗನಿಗೆ 15 ವರ್ಷ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ. ಗಾಂಜಾ ಶುರುವಾಯಿತು. ತಾಯಿಯ ಬೋರಮಾಳ ಕದ್ದು ಮಾರಿದ. ಒಂದು ರಾತ್ರಿ ತಂದೆ ಮೇಲೆ ಪಾನಾ ಎತ್ತಿದ. ಆ ತಾಯಿ ನನ್ನ ಮುಂದೆ ಕೂತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಪಾಸ್ಟರ್ರೇ, ನನ್ನ ಮಗಗ ನಾನೇ ಅಂಜಲಾಕತ್ತೀನ್ರಿ. ರಾತ್ರಿ ನಿದ್ದಿ ಬರವಲ್ದು." ಆ ತಂದೆತಾಯಿಯನ್ನು ನಾನು ಹಗುರ ಮಾಡಿ ಮಾತಾಡೋದಿಲ್ಲ. ನೀವೂ ಮಾಡಬೇಡಿ. ಮಗ ಮನೆಯಲ್ಲಿದ್ದಾಗ ಅಡುಗೆಮನೆಯ ಚಾಕು ಬಚ್ಚಿಡೋ ತಾಯಿಗೆ ನಾವು ಸಿಟಿಯಿಂದ ಫೋನಿನಲ್ಲಿ ಉಪದೇಶ ಮಾಡೋದು ಬಹಳ ಸುಲಭ.

ಆಗ ನನ್ನ ಕೈಗೆ ಒಂದು ಪಾಂಪ್ಲೆಟ್ ಬಂದಿತ್ತು. ರಾಜ್ಯದ ಗಡಿ ಆಚೆ ಒಂದು ಹೋಮ್. ದಾರಿ ತಪ್ಪಿದ ಮಕ್ಕಳನ್ನು ಪ್ರಾರ್ಥನೆ, ಶಿಸ್ತು, ಕೆಲಸದ ಮೂಲಕ ಸರಿಮಾಡ್ತೀವಿ ಅಂತ ಬರೆದಿತ್ತು. ನಾನು ಹೋಗಿ ನೋಡಲಿಲ್ಲ. ಫೋನ್ ಮಾಡಿದೆ, ಆ ಕಡೆಯವರು "ಪ್ರೈಸ್ ದ ಲಾರ್ಡ್" ಅಂದರು, ನನಗೆ ಸಾಕಾಯಿತು. ಮೊದಲ ಮೂರು ತಿಂಗಳ ಫೀಸು ಸಭೆಯಿಂದಲೇ ಕೂಡಿಸಿದೆವು. ಒಂದು ದಿನ ಬೆಳಗಿನ ಜಾವ ಜೀಪ್ ಬಂತು, ನಾಲ್ಕು ಜನ. ಹುಡುಗ ಎದ್ದು ಗಾಬರಿಯಾಗಿ ನನ್ನ ಮುಖ ನೋಡಿದ. ನಾನು ಅವನ ಹೆಗಲ ಮೇಲೆ ಕೈಯಿಟ್ಟು, "ಕನ್ವೆನ್ಷನ್ ಇದೆ, ಮೂರು ದಿನ, ಹೋಗಿ ಬಾ" ಅಂದೆ. ಜೀಪಿಗೆ ಪ್ರಾರ್ಥನೆ ಮಾಡಿ ಕಳಿಸಿದೆ.

ಏಳು ತಿಂಗಳಾದ ಮೇಲೆ ಬಂದ. ಬಡಕಲಾಗಿದ್ದ, ಬೆನ್ನು ನೆಟ್ಟಗೆ ಮಾಡಿ ಕೂರ್ತಿದ್ದ, ಏನು ಕೇಳಿದರೂ "ಯೆಸ್ ಸರ್" ಅಂತಿದ್ದ. ಭಾನುವಾರ ಅವನ ಕೈಗೆ ಮೈಕ್ ಕೊಟ್ಟೆ. ಬಾಯಿಪಾಠ ಒಪ್ಪಿಸಿದ ಹಂಗ ಸಾಕ್ಷಿ ಹೇಳಿದ. ಎಲ್ಲರೂ ಹಲ್ಲೆಲೂಯ ಅಂದೆವು. ಮಾರ್ಕ 5:15 ನಮ್ಮ ಕಣ್ಣ ಮುಂದೆ ನೆರವೇರಿತು ಅಂತ ನಾನು ಅದೇ ವೇದಿಕೆಯಿಂದ ಸಾರಿದೆ. ಬಟ್ಟೆ ಹಾಕಿಕೊಂಡು, ಸ್ವಸ್ಥ ಬುದ್ಧಿಯುಳ್ಳವನಾಗಿ ಕೂತಿದ್ದಾನೆ ನೋಡಿ ಅಂತ.

ಆಮೇಲೆ ಅವನು ಸಭೆಗೆ ಬರೋದು ಬಿಟ್ಟ. ಪುಣೆಗೆ ಹೋಗಿ ಕೆಲಸಕ್ಕೆ ಸೇರಿದ. ಎಷ್ಟೋ ವರ್ಷ ಆದಮೇಲೆ, ಕ್ರಿಸ್ಮಸ್‌ಗೆ ಊರಿಗೆ ಬಂದಾಗ, ಹುಮನಾಬಾದ್ ಸ್ಟೇಷನ್ ಹೊರಗೆ ಸಿಕ್ಕ. ಚಹಾ ಕುಡಿದೆವು. ಲೋಟ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದ.

"ಅವತ್ತ ಕನ್ವೆನ್ಷನ್ ಅಂದ್ರಿ ಅಂಕಲ್. ಎಲ್ಲಿತ್ರಿ ಅವತ್ತ ಕನ್ವೆನ್ಷನ್?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಳಗೆ ಏನಾಯಿತು ಅಂತ ಅವನು ಎರಡೇ ವಿಷಯ ಹೇಳಿದ. ಮೊದಲ ಹತ್ತೊಂಬತ್ತು ರಾತ್ರಿ ಕಾಲಿಗೆ ಸರಪಣಿ ಹಾಕಿ ಮಂಚಕ್ಕೆ ಕಟ್ಟಿದ್ದರು. ಇನ್ನೊಂದು, ಯಾರನ್ನಾದರೂ ಹೊಡೆಯುವಾಗ ಸ್ಪೀಕರ್‌ನಲ್ಲಿ ಒಂದು ಆರಾಧನೆ ಹಾಡು ಜೋರಾಗಿ ಹಾಕುತ್ತಿದ್ದರು. ಹೊರಗೆ ಕೇಳಬಾರದು ಅಂತ. ಆ ಹಾಡನ್ನು ನಮ್ಮ ಸಭೆಯಲ್ಲಿ ಯಾಕೆ ಹಾಡ್ತಿಲ್ಲ ಅಂತ ಕ್ವಾಯರ್‌ನವರು ನನ್ನನ್ನ ಕೇಳಿದ್ರಿ. ಉತ್ತರ ಇವತ್ತು ಸಿಕ್ಕಿತು. ಇದನ್ನೆಲ್ಲ ಹೇಳಲಿಕ್ಕೆ ಅವನ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ. ಹೆಸರು ಮಾತ್ರ ಬೇಡ ಅಂದ.

ಅವತ್ತಿನಿಂದ ನಾನು ಈ ವಿಷಯದ ಬಗ್ಗೆ ಓದಲಿಕ್ಕೆ ಶುರು ಮಾಡಿದೆ. ಅಮೆರಿಕದಲ್ಲಿ ಇದಕ್ಕೆ ದೊಡ್ಡ ಹೆಸರಿದೆ, ಥೆರಪ್ಯೂಟಿಕ್ ಬೋರ್ಡಿಂಗ್ ಸ್ಕೂಲ್. ಅಂದರೆ ಚಿಕಿತ್ಸೆಯೂ ಪಾಠವೂ ಒಂದೇ ಕಡೆ, ಮಕ್ಕಳು ಅಲ್ಲೇ ಇರಬೇಕು. ಅದರ ಬೇರು ಹುಡುಕಿದರೆ 1958ಕ್ಕೆ ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಡೆಡೆರಿಕ್ ಎಂಬವರು ಸಿನಾನನ್ ಅಂತ ಒಂದು ಸಂಸ್ಥೆ ಶುರು ಮಾಡಿದರು, ಮಾದಕ ವ್ಯಸನಿಗಳಿಗೆ. ವೃತ್ತಾಕಾರ ಕೂತು ಒಬ್ಬನನ್ನು ಎಲ್ಲರೂ ಸೇರಿ ಬೈದು, ಕೂಗಿ, ಮುರಿದು ಹಾಕೋದು ಅವರ ಪದ್ಧತಿ. ಮುರಿದರೆ ಮಾತ್ರ ಹೊಸ ಮನುಷ್ಯ ಹುಟ್ತಾನೆ ಅಂತ. ಅಲ್ಲಿ ಪ್ರಭಾವಿತರಾದ ಒಬ್ಬರು 1967ರಲ್ಲಿ ಸೀಡೂ ಅಂತ ಹದಿಹರೆಯದವರಿಗೆ ಶಾಲೆ ತೆರೆದರು. ಅಲ್ಲಿಂದ ಇಂಥ ಶಾಲೆಗಳು ಒಂದರಿಂದ ಒಂದು ಹುಟ್ಟಿದವು. ಅಲ್ಲೂ ಹಿಂಗೇ: ಅಪ್ಪ ಅಮ್ಮ ದುಡ್ಡು ಕೊಟ್ಟು ಜನರನ್ನು ಗೊತ್ತು ಮಾಡ್ತಾರೆ, ನಡುರಾತ್ರಿ ಇಬ್ಬರು ಅಪರಿಚಿತರು ಬಂದು ಮಗುವನ್ನು ಹಾಸಿಗೆಯಿಂದ ಎಬ್ಬಿಸಿ ಕರ್ಕೊಂಡು ಹೋಗ್ತಾರೆ. ಇದನ್ನು ಓದುವಾಗ ನನ್ನ ಕೈ ನಡುಗಿತು. ಸಾವಿರಾರು ಮೈಲಿ ದೂರ, ಆದರೆ ಜೀಪು ಒಂದೇ.

ಪ್ಯಾರಿಸ್ ಹಿಲ್ಟನ್ ಹೆಸರು ನಿಮಗೆ ಗೊತ್ತು, ಶ್ರೀಮಂತ ಮನೆಯ ಮಗಳು. ಆಕೆಯನ್ನೂ ಹಿಂಗೇ ಎತ್ತಿಕೊಂಡು ಹೋಗಿದ್ದರು. 2020ರಲ್ಲಿ ಆಕೆ ಬಾಯಿ ಬಿಟ್ಟರು, ಆಮೇಲೆ ಸಂಸತ್ತಿನ ಮುಂದೆ ಹೇಳಿಕೆ ಕೊಟ್ಟರು. 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಂದು ಕಾನೂನಿಗೆ ಸಹಿ ಬಿತ್ತು, ಇಂಥ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ಆಗುವ ದೌರ್ಜನ್ಯವನ್ನು ತಡೆಯೋದಕ್ಕೆ.

ಆದರೆ ನನಗೆ ನಿದ್ದೆಗೆಡಿಸಿದ್ದು ಅದಲ್ಲ. ಮಿಸ್ಸೂರಿ ಅಂತ ಒಂದು ರಾಜ್ಯ. ಅಲ್ಲಿ 2021ರವರೆಗೆ ಧಾರ್ಮಿಕ ಸಂಸ್ಥೆ ನಡೆಸುವ ಮಕ್ಕಳ ಹೋಮ್ ಸರ್ಕಾರದಲ್ಲಿ ನೋಂದಣಿಯನ್ನೂ ಮಾಡಿಸಬೇಕಿರಲಿಲ್ಲ. ದೇವರ ಹೆಸರಿನ ಬೋರ್ಡು ಹಾಕಿದರೆ ಸಾಕು. ಅಂಥ ಒಂದು ಕ್ರೈಸ್ತ ಬೋರ್ಡಿಂಗ್ ಶಾಲೆಯ ಹುಡುಗರು ದೊಡ್ಡವರಾದ ಮೇಲೆ ಹೊಡೆತದ ಬಗ್ಗೆ, ಕೈಕಾಲು ಒತ್ತಿಹಿಡಿದು ಮಲಗಿಸಿದ್ದರ ಬಗ್ಗೆ ಒಬ್ಬೊಬ್ಬರಾಗಿ ಹೇಳಿದರು, ಕೋರ್ಟಿಗೆ ಹೋದರು. 2023ರ ಜನವರಿಯಲ್ಲಿ ಆ ಶಾಲೆ ಮುಚ್ಚಿತು. ಅದರ ಹೆಸರೇನು ಗೊತ್ತೇ? ಅಗಾಪೆ. ಸಂಡೇ ಸ್ಕೂಲ್ ಮಕ್ಕಳಿಗೂ ಗೊತ್ತು ಅಗಾಪೆ ಅಂದರೆ ಏನು ಅಂತ.

ಅದು ಅಮೆರಿಕದ ಮಾತು ಅನ್ನಬೇಡಿ. 2001ರ ಆಗಸ್ಟ್ 6, ತಮಿಳುನಾಡಿನ ಏರ್ವಾಡಿ. ಮಾನಸಿಕ ಕಾಯಿಲೆಯವರನ್ನು ಇಟ್ಟಿದ್ದ ಶೆಡ್ಡಿಗೆ ಬೆಳಗಿನ ಜಾವ ಬೆಂಕಿ ಬಿತ್ತು. ಅವರು ಓಡಲಿಕ್ಕೆ ಆಗಲಿಲ್ಲ, ಸರಪಣಿ ಇತ್ತು. 28 ಜನ ಸತ್ತರು. ಅವರನ್ನು ಬಿಟ್ಟು ಹೋದ ಮನೆಯವರು ಗುಣವಾಗಲಿ ಅಂತಲೇ ಬಿಟ್ಟು ಹೋಗಿದ್ದರು. ಅದು ಬೇರೆ ಧರ್ಮದವರ ಜಾಗ ಅಂತ ನೀವು ಮನಸ್ಸಿನಲ್ಲಿ ಅಂದುಕೊಳ್ಳೋದಕ್ಕಿಂತ ಮೊದಲು ಹೇಳಿಬಿಡ್ತೀನಿ: ಆಫ್ರಿಕಾದ ಘಾನಾ ದೇಶದಲ್ಲಿ ಪ್ರಾರ್ಥನಾ ಶಿಬಿರಗಳಲ್ಲಿ ಜನರನ್ನು ಮರಕ್ಕೆ, ಗೋಡೆಗೆ ಸರಪಣಿ ಹಾಕಿ ಉಪವಾಸ ಕೆಡವಿದ್ದರ ಬಗ್ಗೆ 2012ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಮಾಡಿತು. ಅವರಲ್ಲಿ ಬಹಳ ಜನ ನಮ್ಮ ಹಾಗೇ ಪವಿತ್ರಾತ್ಮನ ಅಭಿಷೇಕ ನಂಬೋರು, ನಮ್ಮ ಹಾಗೇ ಕೈ ಎತ್ತಿ ಹಾಡೋರು.

ಹಾಸ್ಟೆಲ್ ಅಂದರೇ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಬೀದರ್ ಜಿಲ್ಲೆಯಲ್ಲಿ ನಮ್ಮ ಹಿರಿಯರು ಅಕ್ಷರ ಕಲಿತದ್ದೇ ಮೆಥೋಡಿಸ್ಟ್ ಮಿಷನ್ ಬೋರ್ಡಿಂಗಿನಲ್ಲಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಓದಿ ಇವತ್ತು ಇಂಜಿನಿಯರ್ ಆದವರು ಇಲ್ಲೇ ಕೂತಿದ್ದೀರಿ. ನಾನೂ ಹಾಸ್ಟೆಲ್ ಹುಡುಗ. ಜ್ವರ ಬಂದಾಗ ಅಡುಗೆ ಆಯಿ ಜ್ವಾರಿ ಗಂಜಿ ಮಾಡಿ ತಲೆ ಹತ್ತಿರ ಕೂತು ಕುಡಿಸ್ತಿದ್ದರು. ಓದಲಿಕ್ಕೆ ಕಳಿಸೋದು ಬೇರೆ. ಮನೆಯಲ್ಲಿ "ಕೇಳದಿದ್ರ ಹಾಸ್ಟೆಲಿಗೆ ಹಾಕ್ತೀನಿ ನೋಡು" ಅಂತಾರಲ್ಲ, ಆ ಹಾಕೋದು ಬೇರೆ.

ಈಗ ಜ್ಞಾನೋಕ್ತಿ 13:24. ಬೆತ್ತದ ವಚನ. ಎಲ್ಲ ತಂದೆಯರಿಗೂ ಇದು ಬಾಯಿಪಾಠ, ಎಫೆಸ 6:4 ಮಾತ್ರ ಯಾರಿಗೂ ನೆನಪಿರಲ್ಲ. ಅಲ್ಲಿ ಪೌಲ ತಂದೆಯರಿಗೆ ಹೇಳ್ತಾನೆ, ಮಕ್ಕಳಿಗೆ ಕೋಪ ಎಬ್ಬಿಸಬೇಡಿರಿ ಅಂತ. 23ನೇ ಕೀರ್ತನೆಯಲ್ಲೂ ದೊಣ್ಣೆ ಇದೆ, ಆದರೆ ಅದು ಕುರುಬನ ಕೈಯಲ್ಲಿದೆ, ಅವನು ಕುರಿಯ ಜೊತೆ ಕತ್ತಲ ಕಣಿವೆಯಲ್ಲಿ ನಡೀತಿದ್ದಾನೆ. ಬೆತ್ತವನ್ನು ಬೇರೆಯವರ ಕೈಗೆ ಕೊಟ್ಟು, ತಿಂಗಳಿಗೆ ಫೀಸು ಕಟ್ಟಿ, ಮೂರು ತಿಂಗಳು ಫೋನ್ ಮಾಡಬೇಡಿ ಅಂದರೂ ಒಪ್ಪಿಕೊಳ್ಳೋ ಕುರುಬ ಬೈಬಲ್ಲಿನಲ್ಲಿ ಎಲ್ಲೂ ಇಲ್ಲ.

ಕಾನೂನು ಓದಿದಾಗ ನನಗೆ ಇನ್ನೂ ನಾಚಿಕೆಯಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 95ನೇ ಸೆಕ್ಷನ್: ಸರಪಣಿ ಯಾವ ರೀತಿಯಲ್ಲೂ ಹಾಕುವಂತಿಲ್ಲ. 87ನೇ ಸೆಕ್ಷನ್ ಕೇಳಿ. 18 ವರ್ಷದ ಒಳಗಿನ ಮಗುವನ್ನು ಮಾನಸಿಕ ಚಿಕಿತ್ಸೆಗೆ ದಾಖಲು ಮಾಡೋದು ಬೇರೆ ದಾರಿ ಇಲ್ಲದಾಗ ಮಾತ್ರ. ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿರಬೇಕು. ದೊಡ್ಡವರ ಜೊತೆ ಇಡಬಾರದು. ಮತ್ತೆ, ತಂದೆತಾಯಿ ಅಥವಾ ಅವರು ನೇಮಿಸಿದ ಒಬ್ಬರು, ಮಗು ಅಲ್ಲಿರುವಷ್ಟು ದಿನವೂ ಅದರ ಜೊತೆಯಲ್ಲೇ ಇರಬೇಕು. ಜೊತೆಯಲ್ಲೇ. ನಾನು ಅಭಿಷೇಕ ಹೊಂದಿದ ಸೇವಕ, ಆ ಮಗುವನ್ನು ಒಂಟಿಯಾಗಿ ಜೀಪಿಗೆ ಹತ್ತಿಸಿದೆ.

ಬಾಲನ್ಯಾಯ ಕಾಯ್ದೆ 2015ರಲ್ಲೂ ಇದೆ: ಮಕ್ಕಳನ್ನು ಇಟ್ಟುಕೊಳ್ಳೋ ಪಾಲನಾ ಸಂಸ್ಥೆ 41ನೇ ಸೆಕ್ಷನ್ ಪ್ರಕಾರ ನೋಂದಣಿ ಆಗಿರಲೇಬೇಕು, ಅಲ್ಲಿ ಶಿಸ್ತಿನ ಹೆಸರಲ್ಲಿ ಹೊಡೆಯೋದು ಅಪರಾಧ. ಪಾಂಪ್ಲೆಟ್‌ನಲ್ಲಿ ವಾಕ್ಯ ಇದೆಯಾ ಅಂತ ನೋಡಬೇಡಿ, ನೋಂದಣಿ ಪತ್ರ ಕೇಳಿ. ಹೇಳದೇ ಕೇಳದೇ ಒಂದು ದಿನ ಹೋಗಿ ಬಾಗಿಲು ತಟ್ಟಿ, ಒಳಗೆ ಬಿಡ್ತಾರಾ ನೋಡಿ. ಡಾಕ್ಟರ್ ಯಾರು, ಯಾವ ದಿನ ಬರ್ತಾರೆ ಕೇಳಿ. ಮಗು ಮನೆಗೆ ಫೋನ್ ಮಾಡಬಹುದಾ, ಪಕ್ಕದಲ್ಲಿ ಯಾರೂ ನಿಲ್ಲದೇ? ತನ್ನನ್ನು ಎಲ್ಲಿಗೆ ಕರ್ಕೊಂಡು ಹೋಗ್ತಿದ್ದಾರೆ ಅಂತ ಆ ಮಗುವಿಗೆ ಗೊತ್ತಿದೆಯಾ? ಇದೊಂದನ್ನು ನಾನು ಕೇಳಿಕೊಂಡಿದ್ದರೆ ಸಾಕಿತ್ತು.

ಮತ್ತೆ ಮಾರ್ಕ 5ಕ್ಕೆ ಬನ್ನಿ. ಯೇಸು ದೋಣಿಯಿಂದ ಇಳಿದ. ಮುಂದೆ ಆ ಮನುಷ್ಯನಿಗೆ ಏನು ಕೇಳಿದ? 9ನೇ ವಚನ. ನಿನ್ನ ಹೆಸರೇನು ಅಂತ. ಸರಪಣಿ ಹಾಕಿದವರು ಯಾರೂ ಹೆಸರು ಕೇಳಿದ್ದು ಬರೆದಿಲ್ಲ. ಬಂದ ಉತ್ತರವೂ ಹೆಸರಲ್ಲ, ದಂಡು ಅಂತ. ಸೈನ್ಯದ ಲೆಕ್ಕ. ತನ್ನ ಹೆಸರೇ ಮರೆಯುವಷ್ಟು ದಿನ ಆ ಮಗ ಹೊರಗಿದ್ದ. ಆ ಹುಡುಗನಿಗೆ ಗಾಂಜಾ ಯಾಕೆ ಶುರುವಾಯಿತು ಅಂತ ನಾವು ಒಬ್ಬರೂ ಕೂತು ಕೇಳಲಿಲ್ಲ. ಶಾಲೆಯಲ್ಲಿ ಏನಾಗಿತ್ತು, ಗ್ಯಾರೇಜಿನಲ್ಲಿ ಯಾರು ಏನು ಮಾಡಿದ್ದರು. ಚಹಾ ಕುಡಿಯುವಾಗ ಕೇಳಿದೆ. ಅವನು ಹೇಳಿದ. ಅದನ್ನು ಇಲ್ಲಿ ಹೇಳೋದಿಲ್ಲ. ನನ್ನ ಲೋಟ ಮಾತ್ರ ಖಾಲಿಯಾಗದೇ ತಣ್ಣಗಾಯಿತು.

ಆಮೇಲೆ 15ನೇ ವಚನ, ಬಟ್ಟೆ. ಆ ಬಟ್ಟೆ ಎಲ್ಲಿಂದ ಬಂತು? ಸ್ಮಶಾನದಲ್ಲಿ ಅಂಗಡಿ ಇಲ್ಲ. ನನಗನ್ನಿಸೋದು, ದೋಣಿಯಲ್ಲಿದ್ದ ಹನ್ನೆರಡು ಜನರಲ್ಲಿ ಯಾರೋ ಒಬ್ಬ ತನ್ನ ಮೇಲಂಗಿ ಬಿಚ್ಚಿಕೊಟ್ಟಿದ್ದಾನೆ. ಪೇತ್ರ ಇರಬಹುದು. ಅಥವಾ ಹೆಸರಿಲ್ಲದ ಯಾರೋ. ಬಿಡುಗಡೆ ಯೇಸು ಕೊಟ್ಟ, ಅಂಗಿ ಮಾತ್ರ ಒಬ್ಬ ಶಿಷ್ಯ ಕೊಡಬೇಕಾಯಿತು. ಬೀದರ್‌ನ ಬ್ರಿಮ್ಸ್ ಆಸ್ಪತ್ರೆಗೆ ಬಸ್ಸಿನಲ್ಲಿ ಜೊತೆ ಹೋಗೋದು ಅಂಗಿ. ಮನೋವೈದ್ಯರ ಚೀಟಿ ಹಿಡಿದು ಔಷಧಿ ಲೈನಿನಲ್ಲಿ ನಿಲ್ಲೋದು ಅಂಗಿ. ಔಷಧಿ ತಗೊಂಡರೆ ನಂಬಿಕೆ ಕಡಿಮೆ ಅಂತ ಯಾರಾದರೂ ನಿಮಗೆ ಹೇಳಿದರೆ ನನ್ನ ಹತ್ತಿರ ಕಳಿಸಿ. ನಡುರಾತ್ರಿ ಯಾರೂ ಇಲ್ಲದಿದ್ದರೆ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು. ಎಲ್ಲಾದರೂ ಮಗುವನ್ನು ಕಟ್ಟಿ ಹಾಕಿದ್ದಾರೆ, ಹೊಡೀತಿದ್ದಾರೆ ಅಂತ ಗೊತ್ತಾದರೆ 1098. ಅದು ಪ್ರಾರ್ಥನಾ ಮಂದಿರವೇ ಆಗಿರಲಿ, ಫೋನ್ ಮಾಡಿ.

ಕೊನೆಗೆ 18, 19. ಆ ಮನುಷ್ಯ ದೋಣಿ ಹಿಡಿದು ಬೇಡಿಕೊಳ್ತಾನೆ, ನನ್ನನ್ನೂ ಕರ್ಕೊಂಡು ಹೋಗು ಅಂತ. ಯೇಸು ಬೇಡ ಅಂದ. ಮನೆಗೆ ಹೋಗು, ನಿನ್ನವರ ಹತ್ತಿರ ಹೋಗು ಅಂದ. ಆ ಮನೆಯವರಿಗೆ ಇದು ಸುಲಭ ಇರಲಿಲ್ಲ ಅಂತ ನನಗೆ ಗೊತ್ತು. ಸರಪಣಿ ಮಾಡಿಸಿದವರ ಬೀದಿ ದಾಟಿಯೇ ಅವನು ಹೋಗಬೇಕಿತ್ತು. ಅವನ ಅವ್ವ ಬಾಗಿಲು ತೆಗೆದಳೋ, ಮೊದಲು ಚಾಕು ಬಚ್ಚಿಟ್ಟಳೋ, ಮಾರ್ಕ ಬರೆದಿಲ್ಲ.

ನಮ್ಮ ಆ ಹುಡುಗನ ವಿಷಯ. ನಾನು ಕ್ಷಮೆ ಕೇಳಿದೆ. ಆಯಿತು ಅಂತ ಅವನು ಇನ್ನೂ ಹೇಳಿಲ್ಲ. ನಾನೂ ಅವಸರ ಮಾಡಿಲ್ಲ. ತಂದೆ ಜೊತೆ ಈಗ ಫೋನಿನಲ್ಲಿ ಮಾತಾಡ್ತಾನೆ, ವೆಲ್ಡಿಂಗ್ ರಾಡ್ ರೇಟಿನ ಬಗ್ಗೆ, ಅಷ್ಟೇ. ಹೋದ ಕ್ರಿಸ್ಮಸ್ ಆರಾಧನೆಗೆ ಬಂದಿದ್ದ. ಕೊನೇ ಸಾಲಿನಲ್ಲಿ, ಬಾಗಿಲ ಹತ್ತಿರ, ಹೊರಗೆ ಹೋಗಲಿಕ್ಕೆ ದಾರಿ ಇರೋ ಕಡೆ ಕೂತ.

ಕೀಬೋರ್ಡ್ ನುಡಿಸಬೇಡ ತಮ್ಮಾ, ಇವತ್ತು ಬೇಡ. ಸ್ಪೀಕರ್ ಆಫ್ ಮಾಡಿ. ಎಲ್ಲಿಗೋ ಕಳಿಸಲ್ಪಟ್ಟವರು ಇಲ್ಲಿದ್ದರೆ ಮುಂದೆ ಬರಬೇಕಾಗಿಲ್ಲ, ಕೈ ಎತ್ತಬೇಕಾಗಿಲ್ಲ. ಕೂಟ ಮುಗಿದ ಮೇಲೆ ನಾನು ಮತ್ತೆ ನನ್ನ ಹೆಂಡತಿ ಹಿಂದಿನ ಕೋಣೆಯಲ್ಲಿ ಇರ್ತೀವಿ, ಚಹಾ ಇರುತ್ತದೆ. ತಮ್ಮನ ಬಗ್ಗೆ, ತಂಗಿಯ ಬಗ್ಗೆ ಫೋನ್ ಬಂದವರೂ ಬನ್ನಿ, ಕೂತು ನೋಡೋಣ. ಈಗ ಕಣ್ಣು ಮುಚ್ಚಿ. ಬಾಗಿಲು ತೆಗೆದೇ ಇರಲಿ. ಪ್ರಾರ್ಥನೆ ಮಾಡೋಣ.